ಬತ್ತಿ ಹೊಸೆಯುವುದೂ ಸಾಧನೆಯೇ? ಕೈಕೆಲಸ, ಹಾಡು ಮತ್ತು ಜೊತೆಯಲ್ಲಿ ಕೂರುವುದರ ಬಗ್ಗೆ

ಕಾರ್ತಿಕಕ್ಕೆ ಇನ್ನೂ ಒಂದು ತಿಂಗಳಿತ್ತು. ನಮ್ಮ ಬೀದಿಯ ಒಂದು ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಹತ್ತು ಜನ ಕೂತಿದ್ದರು. ನಡುವೆ ಮೊರದ ತುಂಬ ಅರಳೆ, ಪಕ್ಕದಲ್ಲಿ ಚಿಕ್ಕ ಬಟ್ಟಲಲ್ಲಿ ಹಾಲು. ಲಕ್ಷಬತ್ತಿಗೆ, ಅಂದರೆ ದೇವರ ಮುಂದೆ ಒಂದು ಲಕ್ಷ ಬತ್ತಿ ಉರಿಸುವುದಕ್ಕೆ, ಹೂಬತ್ತಿ ಮಾಡುವ ಕೆಲಸ. ಚೂರು ಅರಳೆ ಕಿತ್ತು, ಅಂಗೈಯಲ್ಲಿ ಅಗಲ ಮಾಡಿ, ಅಂಚುಗಳನ್ನು ಮೇಲಕ್ಕೆ ಕೂಡಿಸಿ, ಬೆರಳಿಗೆ ಹಾಲು ಮುಟ್ಟಿಸಿ ತುದಿ ಹೊಸೆಯಬೇಕು. ಅಷ್ಟೇ. ಮತ್ತೆ ಇನ್ನೊಂದು.

ಅವತ್ತು ಮೊದಲ ಸಲ ಬಂದಿದ್ದ ಹುಡುಗಿಯೊಬ್ಬಳು ಪಕ್ಕದ ಅಜ್ಜಿಯನ್ನು ಕೇಳಿದಳು: "ಅಜ್ಜೀ, ಜಪಕ್ಕೆ ಕೂತ್ರೆ ಐದು ನಿಮಿಷಕ್ಕೇ ಫೋನ್ ನೆನಪಾಗತ್ತೆ. ಇಲ್ಲಿ ಒಂದು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ. ಇದೂ ಪೂಜೆನೇನಾ?"

ಅಜ್ಜಿ ಅವಳ ಕೈ ನೋಡಿ, "ಮಾತಾಡ್ತಾ ಬತ್ತಿ ದಪ್ಪ ಆಯ್ತು ನೋಡು ಮಗಾ" ಎಂದರು.

ಹುಡುಗಿಯ ಪ್ರಶ್ನೆ ಅವಳೊಬ್ಬಳದ್ದಲ್ಲ. ನಿವೃತ್ತಿಯಾದ ಮೇಲೆ ಭಜನಾ ಮಂಡಳಿ ಸೇರಿದವರು, ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೊಮ್ಮೆ ಕಸೂತಿಗೆ ಕೂರುವವರು, ಹೊರದೇಶದ ಕನ್ನಡ ಸಂಘಗಳಲ್ಲಿ ಶನಿವಾರ ದಾಸರ ಪದ ಹಾಡುವವರು ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಕೇಳಿಕೊಳ್ಳುತ್ತಾರೆ. ಇದು ಬರೀ ಕಾಲಹರಣವಾ, ಇಲ್ಲಾ ಇದರಲ್ಲಿ ಇನ್ನೇನೋ ಇದೆಯಾ? ಇದಕ್ಕೆ ನಮ್ಮಲ್ಲಿ ಬಹಳ ಹಳೆಯ ಉತ್ತರಗಳಿವೆ. ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಪದಗಳು

ಹವ್ಯಾಸ ಅಂದರೆ ಬಿಡುವಿನಲ್ಲಿ ಖುಷಿಗೆ ಮಾಡುವ ಕೆಲಸ. ಬೇಜಾರಾದರೆ ಬಿಡಬಹುದು, ಯಾರೂ ಕೇಳುವುದಿಲ್ಲ.

ಸಾಧನೆ ಎನ್ನುವ ಪದ ಈಗ ಬೇರೆ ಕಡೆಗೆ ಹೋಗಿಬಿಟ್ಟಿದೆ. 'ರೈತನ ಮಗಳ ಸಾಧನೆ' ಎಂದು ಪತ್ರಿಕೆಯಲ್ಲಿ ಓದಿದರೆ ಗೆದ್ದದ್ದು, ಪದಕ ತಂದದ್ದು ಎಂದೇ ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಹಳೆಯ ಅರ್ಥ ಗೆಲ್ಲುವುದಲ್ಲ, ದಿನವೂ ಮಾಡುವುದು. ಸಂಗೀತದವರು ಇವತ್ತಿಗೂ 'ಬೆಳಗ್ಗೆ ಎದ್ದು ಸಾಧಕ ಮಾಡ್ತೀನಿ' ಎನ್ನುತ್ತಾರಲ್ಲ, ಆ ಅರ್ಥ. ಒಂದೇ ಸರಳೆಯನ್ನು ನೂರು ಸಲ ಹಾಡುವುದು, ಕೇಳುವವರು ಇರಲಿ ಬಿಡಲಿ.

ಅಧ್ಯಾತ್ಮ ಎಂದರೆ ಹೆದರಬೇಕಾದ ದೊಡ್ಡ ಪದವೇನಲ್ಲ. ಈ ಲೇಖನದ ಮಟ್ಟಿಗೆ ಅದನ್ನು ಹೀಗೆ ಇಟ್ಟುಕೊಳ್ಳೋಣ: 'ನಾನು, ನನ್ನದು' ಎನ್ನುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಅದಕ್ಕಿಂತ ದೊಡ್ಡದಾದ ಒಂದರ ಕಡೆಗೆ ಮನಸ್ಸು ತಿರುಗಿಸುವುದು. ಆ ದೊಡ್ಡದನ್ನು ಕೆಲವರು ದೇವರು ಎನ್ನುತ್ತಾರೆ, ಕೆಲವರು ಭೂಮಿ, ಕೆಲವರು ಜನ.

ಹಾಗಾದರೆ ಹವ್ಯಾಸ ಸಾಧನೆಯಾಗುವುದು ಎಲ್ಲಿ? ಅಡುಗೆಮನೆಯ ಒಂದು ಉದಾಹರಣೆ ಸಾಕು. ಮನೆಯವರಿಗೆ ಸಾರು ಮಾಡುವಾಗ ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ಉಪ್ಪು ನೋಡುತ್ತೇವೆ. ನೈವೇದ್ಯಕ್ಕೆ ಮಾಡುವಾಗ ನೋಡುವುದಿಲ್ಲ. ಅದೇ ಬೇಳೆ, ಅದೇ ಪುಡಿ, ಅದೇ ಒಲೆ. ಆದರೆ ರುಚಿ ನೋಡುವ ಹಕ್ಕನ್ನು ಮೊದಲು ಬೇರೆಯವರಿಗೆ ಬಿಟ್ಟಿದ್ದೇವೆ. ಹಾಗಾಗಿ ಕೈ ಜಾಸ್ತಿ ಎಚ್ಚರವಾಗಿರುತ್ತದೆ. ಕೆಲಸ ಬದಲಾಗಲಿಲ್ಲ, ಅದು ಯಾರಿಗಾಗಿ ಎನ್ನುವುದು ಬದಲಾಯಿತು.

ಹಗ್ಗ ಹೊಸೆದವರು, ನೂಲು ತೆಗೆದವರು

ಕನ್ನಡ ನಾಡಿನಲ್ಲಿ ಈ ವಿಚಾರವನ್ನು ಅತ್ಯಂತ ಗಟ್ಟಿಯಾಗಿ ಹೇಳಿದವರು 12ನೇ ಶತಮಾನದ ಶರಣರು. ಅವರು ಬಳಸಿದ ಪದ ಕಾಯಕ. ಕಾಯ ಅಂದರೆ ಮೈ. ಮೈ ಬಗ್ಗಿಸಿ ಮಾಡುವ ಕೆಲಸವೇ ಪೂಜೆ, ಅದಕ್ಕಿಂತ ಬೇರೆ ಕೈಲಾಸ ಬೇಡ ಎನ್ನುವ ಮಾತು. ಅವರಿಗಿಂತ ಮುಂಚಿನವರೆನ್ನುವ ಜೇಡರ ದಾಸಿಮಯ್ಯ ನೇಯುತ್ತಿದ್ದರು. ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದರು. ಕದಿರ ರೆಮ್ಮವ್ವೆ ರಾಟೆ ತಿರುಗಿಸಿ ನೂಲು ತೆಗೆಯುತ್ತಿದ್ದರು. ಕೆಲಸದ ಹೆಸರೇ ಇವರ ಹೆಸರಿಗೆ ಅಂಟಿಕೊಂಡಿದೆ.

ಇವರಲ್ಲಿ ನುಲಿಯ ಚಂದಯ್ಯನ ಕಥೆ ನನಗೆ ತುಂಬ ಇಷ್ಟ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮರಿಗೆ ಉಣಿಸುವುದು ಅವನ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿ ಬಿತ್ತಂತೆ. ಚಂದಯ್ಯ ಅದನ್ನು ಎತ್ತಿಕೊಳ್ಳಲು ನಿಲ್ಲಲಿಲ್ಲ, ಹೊರೆ ಹೊತ್ತು ನಡೆದ. ಲಿಂಗವೇ ಹಿಂದೆ ಹಿಂದೆ ಬಂದು 'ನನ್ನನ್ನು ಎತ್ತಿಕೋ' ಎಂದಿತಂತೆ. ಕೊನೆಗೆ ಆ ಲಿಂಗವೂ ಹಗ್ಗ ಮಾರುವ ಕೆಲಸಕ್ಕೆ ಹೋಗಬೇಕಾಯಿತು. ಇಷ್ಟು ಧೈರ್ಯದ ಕಥೆಯನ್ನು ನಮ್ಮ ಹಿರಿಯರು ಸುಮ್ನೆ ಕಟ್ಟಲಿಲ್ಲ. ಪೂಜೆಯ ನೆಪದಲ್ಲಿ ಕೆಲಸ ಬಿಡುವ ಹಾಗಿಲ್ಲ, ಅದು ದೇವರಿಗೂ ಅನ್ವಯಿಸುತ್ತದೆ ಎಂದು ಹೇಳಿದರು.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಕಾಯಕ ಹೊಟ್ಟೆಪಾಡಿನ ದುಡಿಮೆ, ಹವ್ಯಾಸ ಬಿಡುವಿನ ಕೆಲಸ. ಎರಡೂ ಒಂದೇ ಅಲ್ಲ. ಹವ್ಯಾಸದವರು ಶರಣರಿಂದ ಕಲಿಯಬೇಕಾದ ಭಾಗ ಇನ್ನೊಂದಿದೆ: ಕಾಯಕದ ಜೊತೆಗೆ ಯಾವಾಗಲೂ ದಾಸೋಹ ಇರುತ್ತದೆ, ಅಂದರೆ ಹಂಚುವುದು. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ, ಹೆಂಡತಿ ಲಕ್ಕಮ್ಮ 'ವಾಪಸ್ ಅಲ್ಲೇ ಸುರಿದು ಬಾ' ಎಂದು ಕಳಿಸಿದಳು. ಎಷ್ಟು ಸಾಕು ಎನ್ನುವುದು ಅವಳಿಗೆ ಗೊತ್ತಿತ್ತು.

ಭೂಮಣ್ಣಿ ಬುಟ್ಟಿ

ಇನ್ನು ಚಿತ್ರ ಬರೆಯುವುದಕ್ಕೆ ಬರೋಣ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರು ಎಂಬ ಸಮುದಾಯದ ಮನೆಗಳಲ್ಲಿ ಚಿತ್ತಾರ ಬರೆಯುವ ಹೆಣ್ಣುಮಕ್ಕಳಿದ್ದಾರೆ. ಅವರನ್ನು ಚಿತ್ತಾರಗಿತ್ತಿ ಎನ್ನುತ್ತಾರೆ. ಮದುವೆ ಮನೆಯ ಗೋಡೆಗೆ ಬರೆಯುವುದು ಹಸೆ ಚಿತ್ತಾರ. ಇದೇ ಕೈಗಳು ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುತ್ತವೆ.

ಭೂಮಿ ಹುಣ್ಣಿಮೆ ಬರುವುದು ದಸರೆಯ ನಂತರದ ಹುಣ್ಣಿಮೆಗೆ. ಶೀಗಿ ಹುಣ್ಣಿಮೆ ಅಂತಲೂ ಹೇಳುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಮಲೆನಾಡಿನವರ ಕಣ್ಣಿಗೆ ಭೂಮಿ ಆಗ ಬಸುರಿ. ಬಸುರಿಗೆ ಬಯಕೆ ಊಟ ಬಡಿಸಬೇಕಲ್ಲ? ಆ ಊಟ ಒಯ್ಯುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ.

ಕೆಲಸ ಹಬ್ಬಕ್ಕೆ ಎಷ್ಟೋ ದಿನ ಮುಂಚೆ ಶುರುವಾಗುತ್ತದೆ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಸಂದು ಮುಚ್ಚುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ ಗೆರೆ. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನದು. ಆ ನಾರಿನ ತುದಿಯಲ್ಲಿ ಬರುವ ಗೆರೆ ಎಷ್ಟು ಸಣ್ಣ ಅಂದರೆ, ಬರೆಯುವಾಗ ಉಸಿರು ಜೋರಾದರೂ ಸೊಟ್ಟಗಾಗುತ್ತದೆ. ಎಳೆ ಪಕ್ಕ ಎಳೆ, ಒಂದಕ್ಕೊಂದು ಮುಟ್ಟದ ಹಾಗೆ. ಆಮೇಲೆ ಭತ್ತದ ಸಸಿ, ಜೋಗಿ ಜಡೆ ಎನ್ನುವ ನಮೂನೆಗಳು. ಹಳದಿ ಬೇಕಾದರೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ.

ಹಬ್ಬದ ಹಿಂದಿನ ರಾತ್ರಿಯೆಲ್ಲ ಅಡುಗೆ. ಬೆರಕೆ ಸೊಪ್ಪು ಬೇಯಿಸುತ್ತಾರೆ, ಕಡುಬು ಮಾಡುತ್ತಾರೆ. ನಸುಕಿನಲ್ಲಿ ಬುಟ್ಟಿ ಗದ್ದೆಗೆ ಹೋಗುತ್ತದೆ. ಪೂಜೆ ಮಾಡಿ ಚರಗ ಚೆಲ್ಲುತ್ತಾರೆ, ಅಂದರೆ ಊಟವನ್ನು ಬೆಳೆಯ ಮೇಲೆ ಎರಚುತ್ತಾರೆ. ಉಳಿದದ್ದನ್ನು ಮನೆಯವರು ಗದ್ದೆಯಲ್ಲೇ ಕೂತು ಉಣ್ಣುತ್ತಾರೆ.

ಇಲ್ಲಿ ಕಲೆ ಯಾವುದು, ಪೂಜೆ ಯಾವುದು, ನೆರೆಹೊರೆ ಯಾವುದು ಎಂದು ಬೇರೆ ಬೇರೆ ಮಾಡಿ ನೋಡಿ. ಆಗುವುದಿಲ್ಲ. ಬುಟ್ಟಿ ಚೆಂದ ಇರಬೇಕು, ಯಾಕೆಂದರೆ ಬಸುರಿಗೆ ಮುರುಕಲು ಬುಟ್ಟಿಯಲ್ಲಿ ಊಟ ಒಯ್ಯುವುದಿಲ್ಲ. ಕೈ ಕೂರದ ಮಗಳ ಪಕ್ಕ ಅಮ್ಮ ಕೂರುತ್ತಾಳೆ. ಅಕ್ಕಪಕ್ಕದವರು ಬಂದು ನೋಡಿ 'ಈ ಎಳೆ ಒಂಚೂರು ದಪ್ಪ ಆಯ್ತು' ಎನ್ನುತ್ತಾರೆ. ಈಗ ಕೆಲವು ಕಡೆ ಅಂಗಡಿ ಬಣ್ಣವೂ ಬಂದಿದೆ. ನನ್ನ ಕಣ್ಣಿಗೆ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟೇ ಚೆಂದ, ಆದರೆ ಬರೆಯುವ ಕೈ ಉಳಿದಿದೆಯಲ್ಲ, ಅದು ದೊಡ್ಡದು.

ಅಳಿಸಿ ಹೋಗುವುದನ್ನು ಯಾಕೆ ಬರೆಯಬೇಕು?

ಬಾಗಿಲ ಮುಂದಿನ ರಂಗೋಲಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಇರುವುದಿಲ್ಲ. ಸ್ಕೂಟರ್ ಹೋಗುತ್ತದೆ, ಹಾಲಿನವನು ತುಳಿಯುತ್ತಾನೆ. ಸಿಟ್ಟು ಯಾರಿಗೂ ಬರುವುದಿಲ್ಲ, ನಾಳೆ ಮತ್ತೆ ಸಾರಿಸಿ ಚುಕ್ಕಿ ಇಡುತ್ತೇವೆ.

ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ ಬೌದ್ಧ ಮಠಗಳ ಭಿಕ್ಷುಗಳಲ್ಲಿ ಇದೇ ಮಾತು ಇನ್ನೂ ಬಿಗಿಯಾಗಿದೆ. ಬಣ್ಣದ ಮರಳಿನಿಂದ ಮಂಡಲ ಬರೆಯುವ ಪದ್ಧತಿ ಅವರದು. ಒಬ್ಬರಲ್ಲ, ಹಲವರು ಸುತ್ತ ಬಗ್ಗಿ ಕೂರುತ್ತಾರೆ. ಕೈಯಲ್ಲಿ ಚೂಪಾದ ಲೋಹದ ಕೊಳವೆ, ಅದರ ಮೈಮೇಲೆ ಗೀರುಗಳು. ಇನ್ನೊಂದು ಕಡ್ಡಿಯಿಂದ ಆ ಗೀರನ್ನು ಉಜ್ಜಿದರೆ ಕೊಳವೆ ಅದುರಿ ಮರಳು ಕಣಕಣವಾಗಿ ಇಳಿಯುತ್ತದೆ. ಹೀಗೆ ದಿನಗಟ್ಟಲೆ. ಮುಗಿದ ಮೇಲೆ ಪೂಜೆ ಮಾಡಿ, ಅದೇ ಕೈಯಿಂದ ಗುಡಿಸಿ ಒಟ್ಟು ಮಾಡಿ, ಹರಿಯುವ ನೀರಿಗೆ ಬಿಡುತ್ತಾರೆ.

ಯಾಕೆ? ಉಳಿಯುವ ವಸ್ತುವಾದರೆ ಮನಸ್ಸು ಅದರ ಹಿಂದೆ ಹೋಗುತ್ತದೆ: ಎಲ್ಲಿ ಇಡೋಣ, ಯಾರಿಗೆ ತೋರಿಸೋಣ, ಎಷ್ಟಕ್ಕೆ ಹೋದೀತು. ಉಳಿಯುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಮನಸ್ಸಿಗೆ ಹಿಡಿದುಕೊಳ್ಳಲು ಉಳಿಯುವುದು ಒಂದೇ, ಈಗ ಇಡುತ್ತಿರುವ ಚುಕ್ಕಿ.

ಹಾಗೆಂದು ಉಳಿಯುವ ವಸ್ತು ಮಾಡಬಾರದು ಎಂದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫುಲ', ಅಂದರೆ ಹೂವು, ಇಟ್ಟರೆ ಮಾತ್ರ ಅದು ಮುಗಿದ ಕೌದಿ. ವರ್ಷಾನುಗಟ್ಟಲೆ ಬಾಳುತ್ತದೆ. ಆದರೆ ಹೊದೆಯುವುದು ಹೊಲಿದವಳಲ್ಲ, ಮಗು, ಮೊಮ್ಮಗು. ವಸ್ತು ಉಳಿಯಿತು, ಕೈಬಿಟ್ಟು ಹೋಯಿತು.

ಒಟ್ಟಿಗೆ ಹಾಡಿದಾಗ ಮೈಗೆ ಏನಾಗುತ್ತದೆ?

ಭಜನೆಗೆ ಹೋಗಿ ಬಂದವರು 'ಹಗುರ ಆಯ್ತು' ಎನ್ನುತ್ತಾರೆ. ಇದು ಬರೀ ನಂಬಿಕೆಯಾ? ಇದನ್ನು ಅಳತೆ ಮಾಡಿ ನೋಡಿದವರಿದ್ದಾರೆ.

2001ರಲ್ಲಿ ಇಟಲಿಯ ವೈದ್ಯ ಲುಸಿಯಾನೋ ಬರ್ನಾರ್ಡಿ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ, 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ ಉಸಿರು, ಎದೆಬಡಿತ ಅಳೆದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಸುಮ್ಮನೆ ಕೂತಿರುವಾಗ ನಾವು ಅದರ ಎರಡು ಪಟ್ಟಿಗಿಂತ ಜಾಸ್ತಿ ಸಲ ಉಸಿರಾಡುತ್ತೇವೆ. ಎರಡು ಧರ್ಮ, ಎರಡು ಭಾಷೆ, ಉಸಿರಿನ ಲೆಕ್ಕ ಒಂದೇ. ನಿಧಾನ ಉಸಿರು ಎದೆಬಡಿತವನ್ನೂ ಒಂದು ಹದಕ್ಕೆ ತರುತ್ತದೆ.

2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಗುಂಪಿನಲ್ಲಿ ಹಾಡುವವರನ್ನು ಅಳೆದರು. ಹಾಡಿನ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲೇ ಎಲ್ಲರೂ ಉಸಿರು ಎಳೆದುಕೊಳ್ಳುತ್ತಾರಲ್ಲ, ಹಾಗಾಗಿ ಎಲ್ಲರ ಎದೆಬಡಿತವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿತ್ತು.

ನಮ್ಮ ಭಜನೆಯ ಕಟ್ಟು ನೆನಪಿಸಿಕೊಳ್ಳಿ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಅವರು ಹಾಡುವಾಗ ನಮಗೆ ಉಸಿರು, ನಾವು ಹಾಡುವಾಗ ಅವರಿಗೆ ಉಸಿರು. ತಾಳ ಕೈಯಲ್ಲಿ. ಕಂಠ ಚೆನ್ನಾಗಿಲ್ಲದವರೂ ಆ ನಡುವೆ ಸೇರಿಕೊಳ್ಳಬಹುದು. ಪುರಂದರದಾಸರ ಪದಗಳು ಐದು ಶತಮಾನ ಬಾಯಿಂದ ಬಾಯಿಗೆ ದಾಟಿ ಬಂದದ್ದರಲ್ಲಿ ಈ ಕಟ್ಟಿನ ಪಾಲು ದೊಡ್ಡದು ಎಂದು ನನಗನಿಸುತ್ತದೆ.

ಒಂದು ಎಚ್ಚರಿಕೆ. ಉಸಿರು ನಿಧಾನವಾಯಿತು ಎನ್ನುವುದು ಮೈಯ ಸುದ್ದಿ. ದೇವರು ಸಿಕ್ಕನೋ ಇಲ್ಲವೋ ಎನ್ನುವುದನ್ನು ಯಾವ ಯಂತ್ರವೂ ಹೇಳುವುದಿಲ್ಲ.

ಒಬ್ಬರೇ ಮಾಡಿದರೆ ಸಾಲದಾ?

ಸಾಲಬಹುದು. ಆದರೆ ಲಕ್ಷಬತ್ತಿಯ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 3 ಬತ್ತಿ ಎಂದರೆ ಗಂಟೆಗೆ 180. ದಿನಕ್ಕೆ ಎರಡು ಗಂಟೆ ಕೂತರೆ 360. ಒಬ್ಬರೇ ಲಕ್ಷ ಮುಟ್ಟಲು 278 ದಿನ, ಅಂದರೆ ಒಂಬತ್ತು ತಿಂಗಳು. ಹತ್ತು ಜನ ಕೂತರೆ 28 ದಿನ. ಒಬ್ಬರಿಂದ ಆಗದ ಸಂಖ್ಯೆಯನ್ನು ಇಟ್ಟಿರುವುದೇ ಅಕ್ಕಪಕ್ಕದವರನ್ನು ಕರೆಯಲಿ ಎಂದಿರಬೇಕು ಅನಿಸುತ್ತದೆ ಅಲ್ವಾ?

ಜೊತೆಯಿಂದ ಇನ್ನೊಂದು ಉಪಕಾರವಿದೆ. 'ನಾನು ಮಾಡಿದ್ದು' ಎನ್ನುವುದು ಕಳೆದುಹೋಗುತ್ತದೆ. ಡಬ್ಬಿಗೆ ಬಿದ್ದ ಮೇಲೆ ಯಾರ ಬತ್ತಿ ಯಾವುದು ಎಂದು ಹೇಳಲು ಆಗುವುದಿಲ್ಲ. ಬೀದರಿನ ಗುರುನಾನಕ್ ಝೀರಾ ಸಾಹಿಬ್ ಗುರುದ್ವಾರದ ಲಂಗರ್‌ನಲ್ಲೂ ಹೀಗೇ. ಲಂಗರ್ ಅಂದರೆ ಎಲ್ಲರಿಗೂ ಸಿಗುವ ಉಚಿತ ಊಟ. ತಿನ್ನಲು ಬಂದವರು ಈರುಳ್ಳಿ ಸಿಪ್ಪೆ ತೆಗೆಯಲು, ರೊಟ್ಟಿ ಲಟ್ಟಿಸಲು, ತಟ್ಟೆ ತೊಳೆಯಲು ಕೂರಬಹುದು. ಅದನ್ನು ಸೇವೆ ಎನ್ನುತ್ತಾರೆ. ನೀವು ಲಟ್ಟಿಸಿದ ರೊಟ್ಟಿ ಯಾರ ತಟ್ಟೆಗೆ ಹೋಯಿತು ಎನ್ನುವುದು ಯಾವತ್ತೂ ತಿಳಿಯುವುದಿಲ್ಲ.

ಜೊತೆಗೆ ಕೂರುವವರು ಒಂದೇ ಜಾತಿ, ಒಂದೇ ಧರ್ಮದವರಾಗಿರಬೇಕು ಎಂದೂ ಇಲ್ಲ. ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ರಿವಾಯತ್ ಪದ, ಅಂದರೆ ಮೊಹರಂನ ಹಾಡು, ಹಾಡುವ, ಹೆಜ್ಜೆ ಹಾಕುವ ಮೇಳಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿರುತ್ತಾರೆ.

ಎಲ್ಲಿ ದಾರಿ ತಪ್ಪುತ್ತದೆ?

ಸ್ಪರ್ಧೆಯಲ್ಲಿ. ರಂಗೋಲಿ ಸ್ಪರ್ಧೆಗೆ ನನ್ನ ವಿರೋಧವಿಲ್ಲ, ಅದರಿಂದ ಎಷ್ಟೋ ಮಕ್ಕಳು ಕಲಿತಿದ್ದಾರೆ. ಆದರೆ ಬಹುಮಾನ ಬಂದ ಕ್ಷಣ ಕಣ್ಣು ಪಕ್ಕದವರ ಚೌಕದ ಕಡೆ ಹೋಗುತ್ತದೆ. ಫೋಟೋ ವಿಷಯವೂ ಇದೇ. ಮುಗಿದ ಮೇಲೆ ಒಂದು ತೆಗೆದರೆ ನೆನಪಿಗಾಯಿತು. ನಡುನಡುವೆ ತೆಗೆಯುತ್ತಿದ್ದರೆ ಕೈ ಎರಡು ಕಡೆ ದುಡಿಯುತ್ತದೆ.

ಒತ್ತಾಯದಲ್ಲೂ ತಪ್ಪುತ್ತದೆ. ಗಾಂಧೀಜಿ ಚರಕವನ್ನು ಯಜ್ಞ ಎಂದವರು. ದಿನವೂ ನೂಲಬೇಕು, ನೂಲು ದೇಶಕ್ಕೆ ಎನ್ನುವುದು ಅವರ ನೇಮ. 1924ರ ಡಿಸೆಂಬರಿನಲ್ಲಿ ಅವರದೇ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲು ಎಂಬ ನಿಯಮವನ್ನು ಒಪ್ಪಿತು. ಮರುವರ್ಷವೇ ಅದನ್ನು ಸಡಿಲಿಸಿ, ನೂಲಿನ ಬದಲು ಹಣ ಕೊಟ್ಟೂ ಸದಸ್ಯರಾಗಬಹುದು ಎಂದು ಮಾಡಬೇಕಾಯಿತು. ಗಾಂಧೀಜಿ ಮಾತ್ರ ತಮ್ಮ ಪಾಲಿನ ನೂಲು ತೆಗೆಯುವುದನ್ನು ಬಿಡಲಿಲ್ಲ. ಒಳಗಿಂದ ಬಂದ ನೇಮವೂ ಹೊರಗಿಂದ ಬಂದ ನಿಯಮವೂ ನೋಡಲು ಒಂದೇ ಥರ ಕಾಣುತ್ತವೆ, ಬಾಳಿಕೆ ಬೇರೆ.

ಮತ್ತೊಂದು ತಪ್ಪು, ಹೆಂಗಸರ ಮೈಮುರಿವ ಮನೆಗೆಲಸಕ್ಕೆಲ್ಲ 'ಸೇವೆ' ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು. ಬೇಡ ಎನ್ನುವ ಸ್ವಾತಂತ್ರ್ಯ ಇದ್ದವರು ಮಾಡಿದರೆ ಮಾತ್ರ ಅದು ಅರ್ಪಣೆ.

ಶುರು ಮಾಡುವುದು ಹೇಗೆ?

ದೊಡ್ಡ ತಯಾರಿ ಬೇಡ. ನಾಲ್ಕೈದು ಜನ ಸಾಕು. ವಾರದ ಒಂದು ದಿನ, ಒಂದೇ ಹೊತ್ತು ಗೊತ್ತುಮಾಡಿಕೊಳ್ಳಿ. ಹೊತ್ತು ಬದಲಾಗುತ್ತಾ ಹೋದರೆ ಗುಂಪು ಕರಗುತ್ತದೆ. ಕೈಗೆ ಬೇಗ ಬರುವ ಕೆಲಸ ಆರಿಸಿ. ಹೂ ಕಟ್ಟುವುದು, ಬತ್ತಿ, ಕೌದಿ, ಭಜನೆ ಇವೆಲ್ಲ ಒಳ್ಳೆಯವು, ಯಾಕೆಂದರೆ ಹೊಸಬರು ಮೊದಲ ದಿನವೇ ಸೇರಿಕೊಳ್ಳಬಹುದು. ಮಾಡಿದ್ದು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಶುರುವಿನಲ್ಲೇ ತೀರ್ಮಾನಿಸಿ: ದೇವಸ್ಥಾನಕ್ಕೋ, ಬಾಣಂತಿಗೋ, ವೃದ್ಧಾಶ್ರಮಕ್ಕೋ. ಮೊದಲ ಹತ್ತು ನಿಮಿಷ ಮಾತಿಲ್ಲದೆ ಕೆಲಸ ಮಾಡಿ ನೋಡಿ. ಆಮೇಲೆ ಮಾತು ಬರಲಿ, ನಗು ಬರಲಿ. ಮೂರು ವಾರ ಬಾರದವರನ್ನು 'ಯಾಕೆ ಬರಲಿಲ್ಲ' ಎಂದು ಕೇಳುವ ಬದಲು, ಅವರ ಮನೆಗೇ ಒಂದು ಮುಷ್ಟಿ ಅರಳೆ ತಗೊಂಡು ಹೋಗಿ.

ನಮ್ಮ ಬೀದಿಯ ಬತ್ತಿಗಳು ಕಾರ್ತಿಕದ ಒಂದು ಸಂಜೆ ತುಪ್ಪದಲ್ಲಿ ನೆನೆದು ಉರಿದವು. ಲಕ್ಷವೂ ಒಂದು ಸಂಜೆಗೇ ಮುಗಿದುಹೋಯಿತು. ಮರುವಾರ ಅದೇ ಹೊತ್ತಿಗೆ ಹೋದರೆ ಅದೇ ಚಾಪೆ, ಹೆಚ್ಚುಕಡಿಮೆ ಅದೇ ಜನ. ಮೊರದಲ್ಲಿ ಅರಳೆ ಇರಲಿಲ್ಲ. ಹುಡುಗಿ ಮನೆಯಿಂದ ಮೂರು ಹಳೇ ಸೀರೆ ತಂದಿದ್ದಳು. ಅಜ್ಜಿ ಕನ್ನಡಕ ಏರಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು.